ನಿನ್ನ ಮಂಚದ ಕೆಳಗೆ ಐದು ಮರಿ

ಹಳೇಕೋಟೆ,
ಹೊಳೆನರಸೀಪುರ ತಾಲ್ಲೂಕು
9-2-2025, ಭಾನುವಾರ

ಮಗಳು ಮೇಘಶ್ರೀಗೆ,

ನಿನ್ನ ಮಾವ ಪುಟ್ಟಸ್ವಾಮಿ ಬರೆಯೋದು. ಇಲ್ಲಿ ನಾವು ಮೂರು ಜನಾನೂ ಆರಾಮಾಗಿದ್ದೀವಿ. ನೀನು ಹೆಂಗಿದ್ದೀಯವ್ವ? ಆಪರೇಷನ್ ಹೊಲಿಗೆ ಹಾಕಿದ ಜಾಗ ಚಳಿಗೆ ಹಿಡ್ಕೊಂಡಂಗಾಗುತ್ತೆ ಅಂತ ನಿಮ್ಮವ್ವ ಹೇಳಿದ್ರಂತೆ, ಅರುಣ ಬಂದು ಹೇಳ್ದ. ಈಗ ಚಳಿ ಕಮ್ಮಿಯಾಯ್ತಲ್ಲ, ಪರವಾಗಿಲ್ವಾ? ಅರಕಲಗೂಡು ಕಡೆ ಇನ್ನೂ ಬೆಳಿಗ್ಗೆ ಮಂಜು ಬೀಳುತ್ತೆ ಅಂತಾರೆ, ಕಿವಿಗೆ ಏನಾದ್ರೂ ಕಟ್ಕೊಂಡು ಓಡಾಡು. ಊಟ ಬಿಡಬೇಡ. ನಿಮ್ಮಪ್ಪಾಜಿ ಮಂಡಿ ನೋವು ಹೆಂಗಿದೆಯೋ, ಅವರಿಗೂ ನಿಮ್ಮವ್ವನಿಗೂ ನಾನು ಕೇಳ್ದೆ ಅಂತ ಹೇಳು. ಹೇಳೋಕೆ ಮನಸ್ಸು ಬಂದ್ರೆ ಹೇಳು, ಇಲ್ಲದಿದ್ರೆ ಬಿಡು.

ನಾನು ಕಾಗದ ಬರೆದು ಇಪ್ಪತ್ತು ವರ್ಷದ ಮೇಲಾಯ್ತು. ಅಕ್ಷರ ಕೋಳಿ ಕೆರೆದಂಗೈತೆ, ಟೀಚರಾಗಿದ್ದೋಳು ನೀನು, ತಪ್ಪು ತಿದ್ಕೊಂಡು ಓದ್ಕೊ. ಫೋನ್ ಮಾಡಿದ್ರೆ ನಿಮ್ಮವ್ವ ತಗೀತಾರೆ, ಮಲಗವ್ಳೆ ಅಂತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದ್ರೂ ಮಲಗವ್ಳೆ, ಸಾಯಂಕಾಲ ಐದಕ್ಕೆ ಮಾಡಿದ್ರೂ ಮಲಗವ್ಳೆ. ಅವರ ಮೇಲೆ ನನಗೆ ಬೇಜಾರಿಲ್ಲ, ನನ್ನ ಮಗಳಾಗಿದ್ರೆ ನಾನೂ ಅದೇ ಸುಳ್ಳು ಹೇಳ್ತಿದ್ದೆ. ನಿನ್ನ ಗಂಡ ಅರುಣ ಪ್ರತಿ ಭಾನುವಾರ ಬರ್ತಾನೆ, ನಿಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿದು ವಾಪಸ್ ಬರ್ತಾನೆ, ನೀನು ರೂಮಿಂದ ಆಚೆ ಬರಲ್ಲ ಅನ್ನೋದೂ ಗೊತ್ತು. ಏಳು ತಿಂಗಳಾಯ್ತು. ನಿನಗೆ ಒಂದು ಮಾತು ಹೇಳೋದೈತೆ ಕಣವ್ವ. ಆಷಾಢದಿಂದ ಗಂಟಲಲ್ಲಿ ಕೂತೈತೆ, ಬರೆಯೋಣ ಅಂತ ಕೂತ್ರೆ ಪೆನ್ನು ಮುಂದಕ್ಕೆ ಹೋಗಲ್ಲ. ಅದಕ್ಕೆ ಮೊದಲು ನಿನ್ನ ಮಿಂಚು ಸುದ್ದಿ ಬರೀತೀನಿ. ಕಾಗದ ಹರಿದು ಹಾಕಂಗಿದ್ರೆ ನಾಯಿ ಸುದ್ದಿ ಓದಿ ಆಮೇಲೆ ಹರಿ.

ಮಿಂಚು ಮರಿ ಹಾಕವ್ಳೆ. ನರಸೀಪುರದ ಸ್ಕೂಲಿಂದ ಬರ್ತಾ ಊಟದ ಬ್ಯಾಗಲ್ಲಿ ಹಾಕ್ಕೊಂಡು ಅವಳನ್ನ ತಂದಿದ್ದೆಯಲ್ಲ, ಆವತ್ತು ನಾನು ನಾಯಿ ಅಂದ್ರೆ ಜಗಲಿಯಿಂದ ಆಚೆಗೆ ಅಂದಿದ್ದೆ. ಆಯ್ತು ಮಾವ ಅಂದೆ ನೀನು. ವಾರದೊಳಗೆ ಅವಳು ಒಲೆ ಪಕ್ಕ ಮಲಗ್ತಿದ್ಲು. ನಿನ್ನ ಈ 'ಆಯ್ತು ಮಾವ' ನನಗೆ ಚೆನ್ನಾಗಿ ಗೊತ್ತು, ಆಯ್ತು ಅನ್ನೋದು, ಮಾಡೋದನ್ನ ಮಾಡೋದು. ಈಗ ಮನೇಲಿ ನಾನು ಹೇಳಿದ್ದಕ್ಕೆ ಆಯ್ತು ಅನ್ನೋರೂ ಇಲ್ಲ, ಇಲ್ಲ ಅನ್ನೋರೂ ಇಲ್ಲ. ನೀನು ಹೋದ ಮೇಲೆ ಮಿಂಚು ನೀನು ಬರ್ತಿದ್ದ ಐದೂವರೆ ಬಸ್ಸಿಗೆ ಸ್ಟಾಪಿನ ಹತ್ರ ಹೋಗಿ ನಿಂತ್ಕೊಳ್ಳೋಳು. ಒಂದು ವಾರ ಹೋದ್ಲು, ಆಮೇಲೆ ಬಿಟ್ಬುಟ್ಲು. ನಾನೇ ಇನ್ನೂ ಬಿಟ್ಟಿಲ್ಲ. ಡೈರಿಗೆ ಹಾಲು ಹಾಕೋ ಹೊತ್ತು ಅದೇ ಆಗಿರೋದ್ರಿಂದ ಕ್ಯಾನ್ ಹಿಡ್ಕೊಂಡು ಅಲ್ಲೇ ಒಂದು ಗಳಿಗೆ ನಿಲ್ತೀನಿ. ಯಾರಾದ್ರೂ ಕೇಳಿದ್ರೆ ಕ್ಯೂ ಐತೆ ಅಂತೀನಿ.

ಜನವರಿ ಇಪ್ಪತ್ತು, ಸೋಮವಾರ. ನಿಮ್ಮತ್ತೆ ಸುಬ್ಬಮ್ಮ ತಂಗಿ ಮನೆ ಗೃಹಪ್ರವೇಶ ಅಂತ ಹಿಂದಿನ ದಿನವೇ ಸಾಲಗಾಮೆಗೆ ಹೋಗಿದ್ಲು. ಅರುಣ ಚನ್ನರಾಯಪಟ್ಟಣಕ್ಕೆ ಡ್ಯೂಟಿಗೆ ಹೊರಟೋದ. ಮನೇಲಿ ನಾನೊಬ್ಬ. ಮಿಂಚುಗೆ ಅಂತ ನಾನು ಕೊಟ್ಟಿಗೆ ಮೂಲೇಲಿ ಹುಲ್ಲು ಹಾಸಿ, ಗೋಣಿಚೀಲ ಹಾಕಿ, ಗಾಳಿ ಬರದಂಗೆ ಹಲಗೆ ನಿಲ್ಲಿಸಿ ಬಾಣಂತಿ ಕೋಣೆಯನ್ನೇ ಮಾಡಿದ್ದೆ. ನಲವತ್ತು ವರ್ಷ ಹಸುಗಳಿಗೆ ಕರು ಹಾಕಿಸಿದೋನು ನಾನು, ಈ ಚೋಟುದ್ದದ ನಾಯಿ ಯಾವ ಲೆಕ್ಕ ಅಂತಿದ್ದೆ. ಅವಳು ಬಂದು ಮೂಸಿ ನೋಡಿ, ಹಿಂದಕ್ಕೆ ಹೋದ್ಲು. ಎತ್ಕೊಂಡು ಬಂದು ಮಲಗಿಸ್ದೆ, ಎದ್ದು ಹೋದ್ಲು. ನೀರು ಕಾಯಿಸ್ಕೊಂಡು ಬರೋಷ್ಟರಲ್ಲಿ ಎಲ್ಲೂ ಇಲ್ಲ. ಹಿತ್ತಲು, ಹುಲ್ಲಿನ ಮೆದೆ, ಟ್ರಾಕ್ಟರ್ ಕೆಳಗೆ ಎಲ್ಲಾ ಹುಡುಕಿದೆ. ಕೊನೆಗೆ ಉಸ್ ಉಸ್ ಅನ್ನೋ ಸದ್ದು ಕೇಳಿದ್ದು ನಿನ್ನ ರೂಮಿಂದ. ಬಾಗಿಲು ಮೂತೀಲಿ ತಳ್ಕೊಂಡು ಹೋಗಿ ನಿನ್ನ ಮಂಚದ ಕೆಳಗೆ, ಗೋಡೆ ಮೂಲೆಗೆ ಸೇರ್ಕೊಂಡವ್ಳೆ.

ಮಾವನಾದೋನು ಸೊಸೆ ರೂಮಿಗೆ ಕಾಲಿಡೋದು ನಮ್ಮ ಮನೇಲಿ ಇಲ್ಲ. ನೀನು ಬಂದು ನಾಲ್ಕು ವರ್ಷದಲ್ಲಿ ಫ್ಯಾನ್ ಕೆಟ್ರೂ ನಾನು ಹೊಸ್ತಿಲಲ್ಲೇ ನಿಂತು ಅರುಣನ್ನ ಕೂಗ್ತಿದ್ದೆ. ಆವತ್ತೂ ಹೊಸ್ತಿಲಲ್ಲಿ ಐದು ನಿಮಿಷ ನಿಂತಿದ್ದೆ ಕಣವ್ವ, ಒಳಗೆ ಹೋಗ್ಲೋ ಬ್ಯಾಡ್ವೋ ಅಂತ. ಅವಳು ನರಳಿದ್ಲು. ಹೋಗ್ಬುಟ್ಟೆ. ಅಲಮೇರ, ಮೇಜು, ನಿನ್ನ ಪುಸ್ತಕ ಏನನ್ನೂ ಮುಟ್ಟಿಲ್ಲ. ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ತಲೆ ಮಂಚದ ಕೆಳಗೆ ತೂರಿಸ್ಕೊಂಡಿದ್ದೆ ಅಷ್ಟೇ. ಪಕ್ಕದ ಮನೆ ನೀಲಗಂಗಮ್ಮ ಕಿಟಕೀಲಿ ಇಣುಕಿ, ಅದ್ಯಾಕಣ್ಣ ಅಂಗೆ ಮಲಗಿದ್ದೀಯ, ಏನಾಯ್ತು ಅಂತ ಗಾಬರಿಯಾದ್ಲು. ನನ್ನ ಕಾಲು ಮಾತ್ರ ಕಾಣ್ತಿತ್ತಂತೆ.

ಹತ್ತು ಗಂಟೆಗೆ ಮೊದಲನೇದು ಬಂತು. ಬಿಳಿ ಪೊರೆ ಸಮೇತ, ಬೆಂಡೆಕಾಯಿ ಲೋಳೆ ಥರ ಜಾರ್ಕೊಂಡು. ಪೊರೆ ಅವಳೇ ಕಿತ್ತು, ನೆಕ್ಕಿ ನೆಕ್ಕಿ ಅದನ್ನ ಕುಂಯ್ಯೋ ಅನ್ನಿಸಿದ್ಲು. ಯಾರು ಹೇಳ್ಕೊಟ್ರು ಹೇಳು. ಆಮೇಲೆ ಕಸ, ಮಾಸು ಅಂತೀವಲ್ಲ ಅದು, ಬಿತ್ತು, ಅವಳು ಅದಕ್ಕೆ ಬಾಯಿ ಹಾಕಿದ್ಲು. ನಾನು ಮಾಡಿದ ತಪ್ಪು ಅಲ್ಲೇ. ಹಸು ಕರು ಹಾಕಿದ್ರೆ ಕಸ ಬೀಳೋವರೆಗೂ ನಾವು ಕಾಯ್ಕೊಂಡು ಕೂತಿರ್ತೀವಿ, ಅದನ್ನ ಹಸು ತಿಂದ್ರೆ ಹಾಲು ಬತ್ತಿಹೋಗುತ್ತೆ ಅಂತ. ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿ ಬರ್ತೀವಿ. ಇವಳ ಹಾಲೂ ಹೋಗುತ್ತಲ್ಲಾ ಅಂತ ಗಾಬರಿಯಾಗಿ ಕೈ ಹಾಕಿ ಕಿತ್ಕೊಳ್ಳೋಕೆ ಹೋದೆ. ಎರಡು ವರ್ಷ ನನ್ನ ಕೈಲಿ ಅನ್ನ ತಿಂದೋಳು, ಹೆಬ್ಬೆಟ್ಟಿನ ಬುಡಕ್ಕೆ ಹಲ್ಲು ಇಳಿಸಿದ್ಲು. ನೀಲಗಂಗಮ್ಮ ಹೆದರಿ ಅವರ ಮನೆ ಸೋಪು ತಂದ್ಲು, ನಲ್ಲಿ ಕೆಳಗೆ ಕೈ ಹಿಡ್ಕೊಂಡೇ ಪಶು ಡಾಕ್ಟ್ರು ದಿಲೀಪ್‌ಗೆ ಫೋನ್ ಮಾಡಿದೆ. ಅವರು ಯಾವುದೋ ಊರಲ್ಲಿ ದನಗಳಿಗೆ ಲಸಿಕೆ ಹಾಕ್ತಿದ್ರು. ಸಾ, ಅದು ನಾಯಿ ಸಾ, ಹಸು ಅಲ್ಲ, ತಿನ್ನೋಕೆ ಬುಡಿ ಅಂದ್ರು. ನಿಮ್ಮ ಸೊಸೆ ಇದಕ್ಕೆ ಎಲ್ಲಾ ಇಂಜೆಕ್ಷನ್ ಹಾಕಿಸವ್ರೆ, ಆದ್ರೂ ನೀವು ನರಸೀಪುರಕ್ಕೆ ಹೋಗಿ ಸೂಜಿ ಹಾಕಿಸ್ಕೊಳ್ಳಿ ಅಂದ್ರು. ಆಮೇಲೆ ಹೋಗಿ ಹಾಕಿಸ್ಕೊಂಡೆ. ಎಪ್ಪತ್ತಕ್ಕೆ ಹತ್ರ ಬಂದ ವಯಸ್ಸಲ್ಲಿ ನಾಯಿ ಬಾಣಂತಿ ಕೈಲಿ ಕಚ್ಚಿಸ್ಕೊಂಡೋನು ಅಂತ ಡೈರಿ ಹತ್ರ ಎಲ್ಲಾ ನಗ್ತಾರೆ. ನಗಲಿ.

ಎರಡನೇದು ಮೂರನೇದು ಸಲೀಸಾಗಿ ಬಂದ್ವು. ನಾಲ್ಕನೇದು ತಡ ಆಯ್ತು. ಮುಕ್ಕಾಲು ಗಂಟೆ ತಿಣುಕಿದ್ಲು, ಆಮೇಲೆ ನೋಡಿದ್ರೆ ಹಿಂಗಾಲು ಮುಂದಾಗಿ ಬಂದು ಅರ್ಧಕ್ಕೆ ನಿಂತೈತೆ. ದಿಲೀಪ್ ಫೋನಲ್ಲೇ ಹೇಳಿದಂಗೆ ಒದ್ದೆ ಬಟ್ಟೇಲಿ ಹಿಡ್ಕೊಂಡು, ಅವಳು ತಿಣುಕಿದಾಗ ಮಾತ್ರ, ಕೆಳಕ್ಕೆ, ಮೆಲ್ಲಗೆ ಎಳೆದೆ. ಕರು ಎಳೆಯೋಕೆ ಮೂರು ಆಳು ಬೇಕು, ಇದಕ್ಕೆ ಎರಡು ಬೆರಳು. ಈಚೆಗೆ ಬಂತು, ಉಸಿರಿರಲಿಲ್ಲ. ಬಾಯಲ್ಲಿ ಇದ್ದ ನೀರು ತೆಗೆದೆ, ಟವಲ್ಲಲ್ಲಿ ಬೆನ್ನು ತಿಕ್ಕಿದೆ, ಮೂಗಿಗೆ ಊದಿದೆ. ಕರೀದು, ನಾಲ್ಕೂ ಪಾದ ಬಿಳಿ. ಕಾಲು ಗಂಟೆ ಬಿಡಲಿಲ್ಲ. ಏನೂ ಆಗಲಿಲ್ಲ ಕಣವ್ವ. ಮಿಂಚು ಆಗ ಬೇರೆ ಮರಿಗಳನ್ನ ನೆಕ್ತಿದ್ಲು. ಅವಳು ತಿರುಗೋಷ್ಟರಲ್ಲಿ ಪೇಪರಲ್ಲಿ ಸುತ್ಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡಿ ಮಣ್ಣು ಮುಚ್ಚಿ ಬಂದೆ. ನನ್ನ ಮನಸ್ಸಿಗೆ ಅದು ಸರಿ ಅಂತಾನೇ ಇತ್ತು, ಯೋಚನೇನೂ ಮಾಡಲಿಲ್ಲ. ವಾಪಸ್ ಬಂದಾಗ ಐದನೇದು ಬಂದಿತ್ತು, ಎಲ್ಲಕ್ಕಿಂತ ಸಣ್ಣದು, ಇಲಿ ಮರಿಯಷ್ಟು.

ಅಲ್ಲಿಂದ ಶುರುವಾಯ್ತು ನೋಡು. ಮಿಂಚು ಒಂದು ಗಳಿಗೇನೂ ಮಲಗಲಿಲ್ಲ. ಮರಿಗಳನ್ನ ಒಂದೊಂದಾಗಿ ಮೂಸೋದು, ಏಳೋದು, ಮಂಚದ ಕೆಳಗಿಂದ ಬಂದು ನನ್ನ ಕೈ ಮೂಸೋದು, ಅಳೋದು. ನಾಯಿ ಅಳೋದು ಅಂದ್ರೆ ಊಳಿಡೋದಲ್ಲ, ಮೂಗಲ್ಲೇ ಸಣ್ಣಗೆ. ಅಡುಗೆಮನೆ, ಕೊಟ್ಟಿಗೆ, ಹುಲ್ಲಿನ ಮೆದೆ ಸುತ್ತಿ ಬಂದು ಮತ್ತೆ ನನ್ನ ಕೈ. ನಾಲ್ಕು ಮರಿ ಕಿರುಚ್ಕೊಳ್ತಿದ್ರೂ ಅವಕ್ಕೆ ಮಗ್ಗುಲು ಕೊಡಲ್ಲ. ಹಾಲು ಕಟ್ಕೊಂಡು ಮೊಲೆ ಕಲ್ಲಾಗಿತ್ತು. ಡೈರಿಗೆ ಹಾಲು ಹಾಕೋ ಮನೇಲಿ ನಾಯಿ ಮರಿಗೆ ಕುಡಿಸೋಕೆ ಹಾಲಿಲ್ಲ, ಹಸು ಹಾಲು ಅವಕ್ಕೆ ಆಗಲ್ಲವಂತೆ, ದಿಲೀಪ್ ಅಂಗಂದಾಗ ನನಗೆ ಕೋಪಾನೇ ಬಂತು. ಅರುಣ ಡ್ಯೂಟಿ ಮುಗಿಸಿ ಹಾಸನಕ್ಕೆ ಹೋಗಿ ಮರಿಗಳ ಹಾಲಿನ ಪುಡಿ ತಂದ. ಬಾಟಲಿಗೆ ಬಿಸಿ ನೀರು ತುಂಬಿ ಬಟ್ಟೆ ಸುತ್ತಿ ಮಧ್ಯೆ ಇಟ್ವಿ. ಫಿಲ್ಲರಲ್ಲಿ ಹನಿ ಹನಿ ಕುಡಿಸೋದು, ಆಮೇಲೆ ಒದ್ದೆ ಹತ್ತೀಲಿ ಹೊಟ್ಟೆ ಕೆಳಗೆ ಒರೆಸೋದು, ಹಂಗೆ ಮಾಡದಿದ್ರೆ ಅವಕ್ಕೆ ಉಚ್ಚೆ ಬರಲ್ಲವಂತೆ. ಅರುಣ ಹುಟ್ಟಿದಾಗ ಅವನ ಒಂದು ಬಟ್ಟೆ ಬದಲಾಯಿಸಿದೋನಲ್ಲ ನಾನು. ಈಗ ನಾಯಿ ಮರಿ ಅಂಡು ಒರೆಸ್ಕೊಂಡು ಕೂತಿದ್ದೆ, ಅವನು ಎದುರಿಗೆ ಕೂತು ಇನ್ನೊಂದಕ್ಕೆ ಒರೆಸ್ತಿದ್ದ.

ಮಾರನೇ ದಿನ ಮಧ್ಯಾಹ್ನ ದಿಲೀಪ್ ಬಂದ್ರು. ಹೊಟ್ಟೆ ಒತ್ತಿ ನೋಡಿ, ಒಳಗೆ ಇನ್ನೇನೂ ಇಲ್ಲ, ಜ್ವರಾನೂ ಇಲ್ಲ ಅಂದ್ರು. ಅವಳು ಅವರ ಕೈಯನ್ನೂ ಮೂಸಿದ್ಲು. ಸತ್ತ ಮರೀನ ಇವಳಿಗೆ ತೋರಿಸಿದ್ರಾ ಸಾ ಅಂತ ಕೇಳಿದ್ರು. ಇಲ್ಲಪ್ಪ, ಯಾಕೆ ತೋರಿಸ್ಬೇಕು ಅಂದೆ. ಎಲ್ಲಾ ನಾಯಿನೂ ಹಿಂಗೆ ಮಾಡಲ್ಲ, ಕೆಲವು ಹುಡುಕ್ತವೆ, ಮೂಸಿ ನೋಡಿದ್ರೆ ಅವಕ್ಕೇ ಗೊತ್ತಾಗ್ತದೆ ಅಂದ್ರು. ಅಷ್ಟು ಹೇಳಿ ಬೈಕ್ ಹತ್ತಿ ಹೋದ್ರು. ನಾನು ಜಗಲಿ ಮೇಲೆ ಕೂತೇ ಇದ್ದೆ. ಒಂದು ಗಂಟೆ ಆಗಿರಬೇಕು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಮಣ್ಣು ಕೈಯಲ್ಲೇ ತೆಗೆದೆ. ಪೇಪರ್ ಬಿಚ್ಚಿ, ಮಣ್ಣು ಒರೆಸಿ, ತಂದು ಅವಳ ಮುಂದೆ ಇಟ್ಟೆ. ಮೂಸಿದ್ಲು. ಅಡಿಮೇಲು ಮಾಡಿ ತಲೆಯಿಂದ ಬಾಲದವರೆಗೂ ನೆಕ್ಕಿದ್ಲು, ಹುಟ್ಟಿದ ಮರಿಗೆ ನೆಕ್ಕಿದಂಗೇ. ಮೂತೀಲಿ ತಳ್ಳಿ ನೋಡಿದ್ಲು. ಅದರ ಮೇಲೆ ಗದ್ದ ಇಟ್ಕೊಂಡು ಸುಮಾರು ಹೊತ್ತು ಸುಮ್ಮನೆ ಮಲಗಿದ್ಲು. ನಾನು ನೆಲದ ಮೇಲೇ ಇದ್ದೆ. ಆಮೇಲೆ ಅವಳಾಗೇ ಎದ್ದು ಅದನ್ನ ಅಲ್ಲೇ ಬಿಟ್ಟು, ಉಳಿದ ನಾಲ್ಕರ ಹತ್ರ ಹೋಗಿ, ಮಗ್ಗುಲಾಗಿ ಮಲಗಿದ್ಲು. ಮರಿಗಳು ಬಿದ್ದೂ ಎದ್ದೂ ಹಾಲಿಗೆ ಬಾಯಿ ಹಾಕಿದ್ವು. ನಾನು ಸತ್ತ ಮರಿ ತಗೊಂಡು ಹೋಗುವಾಗ ತಲೆ ಎತ್ತಿ ನೋಡಿದ್ಲು, ತಡೀಲಿಲ್ಲ.

ಅದನ್ನ ಮತ್ತೆ ಮಣ್ಣಿಗೆ ಹಾಕಿ ಬಂದು ನಿನ್ನ ಮಂಚದ ಕಾಲಿಗೆ ಒರಗಿ ಕೂತು ಅತ್ತುಬುಟ್ಟೆ ಕಣವ್ವ. ನಮ್ಮಪ್ಪ ಸತ್ತಾಗಲೂ ಹಂಗೆ ಅತ್ತಿರಲಿಲ್ಲ. ನಿನಗೆ ಹೇಳ್ಬೇಕಾದ ಮಾತು ಇದೇ, ಇನ್ನು ಬರೆದುಬಿಡ್ತೀನಿ. ಆವತ್ತು ಹಾಸನದ ಆಸ್ಪತ್ರೇಲಿ ಕೂಸಿಗೆ ಉಸಿರಿಲ್ಲ ಅಂತ ಆದ ಮೇಲೆ ಸಿಸ್ಟರು ಬಟ್ಟೇಲಿ ಸುತ್ಕೊಂಡು ಬಂದು, ತಾಯಿಗೆ ತೋರಿಸ್ತೀರಾ ಅಂತ ಕೇಳಿದ್ರು. ಅರುಣ ತೋರಿಸೋಣ ಅಪ್ಪ, ಅವಳು ಕೇಳ್ತಾವ್ಳೆ ಅಂದ. ಬ್ಯಾಡ ಅಂದೋನು ನಾನು. ನಮ್ಮ ಕಡೆ ಸತ್ತ ಕೂಸನ್ನ ತಾಯಿಗೆ ತೋರಿಸಲ್ಲ, ಮೊಖ ನೋಡಿದ್ರೆ ಮನಸ್ಸಿಗೆ ಹತ್ಕೊಂಡುಬಿಡುತ್ತೆ, ಮುಂದಿನ ಬಸುರಿಗೂ ಒಳ್ಳೇದಲ್ಲ ಅಂತ ನಮ್ಮವ್ವ ಹೇಳ್ತಿದ್ಲು, ನಾನೂ ಅದನ್ನೇ ಹೇಳಿದೆ. ಅರುಣ ಎರಡು ಸಲ ಕೇಳ್ದ. ಬಾಯಿ ಮುಚ್ಚು, ನಿನಗೇನು ಗೊತ್ತು ಅಂತ ಗದರಿದೆ. ಒಳಗಿಂದ ನೀನು, ಮಾವ, ಒಂದೇ ಒಂದ್ಸಲ ಅಂತ ಕರೆದಿದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಕಣಮ್ಮ ಅಂತ ಹೇಳಿ ಕೂಸನ್ನ ಎತ್ಕೊಂಡು ಮೆಟ್ಟಲು ಇಳಿದುಬುಟ್ಟೆ. ಆ 'ಆಮೇಲೆ' ಇನ್ನೂ ಬಂದಿಲ್ಲ.

ಬ್ಯಾಡ ಅಂದಿದ್ದು ತಾನೇ ಅಂತ ಅರುಣ ನಿನಗೆ ಹೇಳಿದ್ದು ಸುಳ್ಳು. ಅಪ್ಪನ ಮೇಲೆ ಮಾತು ಬರಬಾರ್ದು ಅಂತ ಹೇಳಿದ್ದು. ನೀನು ಅವನ ಮೊಖ ನೋಡೋದು ಬಿಟ್ಟೆ. ನನಗೆ ಎಲ್ಲಾ ಗೊತ್ತಿದ್ದೂ ಏಳು ತಿಂಗಳು ಸುಮ್ಮನಿದ್ದೆ, ಗಂಡ ಹೆಂಡ್ತಿ ಸರಿಹೋಗ್ತಾರೆ ಬಿಡು ಅಂತ. ಮಗ ಪ್ರತಿ ಭಾನುವಾರ ಬಸ್ಸಿಂದ ಇಳಿದು ಬರೋದನ್ನ ನೋಡ್ತಾನೂ ಸುಮ್ಮನಿದ್ದೆ. ಅವನದು ಏನೂ ತಪ್ಪಿಲ್ಲ. ಸಿಟ್ಟು ಎಷ್ಟಿದ್ರೂ ಅದು ನನಗೆ ಬರಬೇಕಾದ್ದು, ನನಗೇ ಕೊಡು.

ನಿಮ್ಮತ್ತೆ ಸಾಲಗಾಮೆಯಿಂದ ಬಂದ ಮೇಲೆ ಮಿಂಚು ಹಿಂಗೆ ಮಾಡಿದ್ಲು ಅಂತ ಊಟಕ್ಕೆ ಕೂತಾಗ ಹೇಳ್ದೆ. ಬಡಿಸ್ತಾ ಬಡಿಸ್ತಾ, ನನಗೂ ಯಾರೂ ತೋರಿಸಲಿಲ್ಲ ಅಂದ್ಲು. ಅರುಣನಿಗಿಂತ ಮೊದಲು ನಮಗೊಂದು ಆಗಿ ಹೋಗಿತ್ತು, ಮೂವತ್ತಾರು ವರ್ಷದ ಮಾತು. ಗಂಡೋ ಹೆಣ್ಣೋ ಅಂತಾನೂ ಅವಳಿಗೆ ಯಾರೂ ಹೇಳಿರಲಿಲ್ವಂತೆ. ನನಗೆ ಗೊತ್ತಿತ್ತು, ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಗಂಡು ಅಂದೆ. ಹೌದಾ ಅಂದು ಸಾರು ಬಿಟ್ಲು. ಆಮೇಲೆ ಅವಳು ಊಟ ಮಾಡಲಿಲ್ಲ.

ಮರಿಗಳು ಈಗ ಕಣ್ಣು ಬಿಟ್ಟವೆ, ಕುಡಿದೋರ ಥರ ಓಲಾಡ್ಕೊಂಡು ನಡೀತವೆ. ಮೂರು ಹೆಣ್ಣು, ಒಂದು ಗಂಡು. ಇಲಿ ಮರಿಯಷ್ಟಿದ್ದಿದ್ದು ಈಗ ಎಲ್ಲಕ್ಕಿಂತ ದಪ್ಪ, ಎಲ್ಲರನ್ನೂ ತುಳ್ಕೊಂಡು ಹಾಲಿಗೆ ಹೋಗುತ್ತೆ. ಗಂಡು ಮರಿಗೆ ಊರೆಲ್ಲಾ ಹೇಳಿಟ್ಟವ್ರೆ, ನೀಲಗಂಗಮ್ಮ ದಿನಾ ಬಂದು ನಂದು ನಂದು ಅಂತಾಳೆ. ಹೆಣ್ಣು ಯಾರಿಗೂ ಬ್ಯಾಡ. ಮೂರೂ ಇಲ್ಲೇ ಇರಲಿ ಅಂದೆ. ನಿನ್ನ ರೂಮು ಗಲೀಜಾಗೈತೆ, ದಿನಾ ಫಿನಾಯಿಲ್ ಹಾಕಿ ನಾನೇ ಒರೆಸ್ತೀನಿ, ನಿಮ್ಮತ್ತೆಗೆ ಬಗ್ಗೋಕಾಗಲ್ಲ. ಮನೇಲಿ ಸದ್ದು ಅಂದ್ರೆ ಈಗ ಆ ರೂಮಲ್ಲೇ. ನೀನಿದ್ದಾಗ ಪಾಠದ ಪುಸ್ತಕ ಗಟ್ಟಿಯಾಗಿ ಓದ್ಕೊಳ್ತಿದ್ದೆಯಲ್ಲ, ಆ ದನಿ ಇಲ್ಲದೆ ನನಗೆ ಸಾಯಂಕಾಲ ಕಳೆಯಲ್ಲ. ಬಾ ಅಂತ ಕೇಳೋ ಮೊಖ ನನಗಿಲ್ಲ. ನೀನು ಬೇಕು ಅನ್ನಿಸುತ್ತೆ, ಅಷ್ಟೇ ಬರೀತೀನಿ.

ದೇವರು ನಿನ್ನನ್ನ ತಣ್ಣಗಿಟ್ಟಿರಲಿ. ನಿಮ್ಮತ್ತೆ ಒಂದು ಡಬ್ಬಿ ತುಪ್ಪ ಕಾಯಿಸಿ ಇಟ್ಟವ್ಳೆ, ಅರುಣ ಬರುವಾಗ ತರ್ತಾನೆ, ಅವನ ಕೈಯಿಂದ ಈಸ್ಕೊ. ಮನೆ ಹಿರಿಯರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ ಮಾವ,
ಪುಟ್ಟಸ್ವಾಮಿ

ಕವರ್ ಅಂಟಿಸೋಕೆ ಹೋಗಿ ಮತ್ತೆ ತೆಗೆದೆ. ಕೂಸನ್ನ ಹಾಸನದಲ್ಲೇ ಮಣ್ಣು ಮಾಡಿದೆ ಅಂತ ಎಲ್ಲರಿಗೂ ಹೇಳಿದ್ದೀನಲ್ಲ, ಅದು ಸುಳ್ಳು. ಅಲ್ಲಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಕೆರೆ ಕೆಳಗಿನ ನಮ್ಮ ಗದ್ದೇಲಿ, ನಮ್ಮಪ್ಪ ಅವ್ವನ ಮಗ್ಗುಲಲ್ಲಿ ಅವಳನ್ನ ಮಲಗಿಸಿದ್ದೀನಿ. ಅರುಣನಿಗೂ ಗೊತ್ತಿಲ್ಲ, ಮೊದಲು ನಿನಗೆ ಹೇಳ್ತಿರೋದು. ಮನೆಗೆ ಬರೋದು ಬ್ಯಾಡ ಅಂದ್ರೆ ಸ್ಟಾಪಲ್ಲಿ ಇಳಿ, ನಾನು ಕರ್ಕೊಂಡು ಹೋಗಿ ತೋರಿಸಿ, ಮುಂದಿನ ಬಸ್ಸಿಗೆ ಹತ್ತಿಸ್ತೀನಿ. ಆವತ್ತು ಹಾಸನದಿಂದ ಬಸ್ಸಲ್ಲೇ ಬಂದೆ, ತೊಡೆ ಮೇಲೆ ಇಟ್ಕೊಂಡು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಮೊಮ್ಮಗಳಾ ಅಂದ್ಲು. ಹೂಂ ಅಂದೆ. ನಿದ್ದೆ ಮಾಡ್ತಾವ್ಳಾ ಅಂದ್ಲು. ಹೂಂ ಅಂದೆ. ತಲೆ ತುಂಬಾ ಕೂದಲಿತ್ತು ಕಣವ್ವ, ನಿನ್ನಂಗೇ ಸುರುಳಿ. ಕಿವಿ ನಮ್ಮ ಮನೇದು, ದೊಡ್ಡದು. ಕೆಳತುಟಿ ಒಳಕ್ಕೆ ಮಡಿಚ್ಕೊಂಡು ಏನೋ ಯೋಚನೆ ಮಾಡ್ತಿರೋ ಥರ ಇದ್ಲು. ನಿನಗೆ ತೋರಿಸ್ಬ್ಯಾಡಿ ಅಂದೋನು ನಾನು, ನರಸೀಪುರ ಬರೋವರೆಗೂ ಬಟ್ಟೆ ಸರಿಸಿ ನೋಡ್ಕೊಂಡೇ ಬಂದೆ.